ಶನಿವಾರದ ಬಟವಾಡೆ

ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ಬಂತೆಂದರೆ ನಮ್ಮ ಕ್ರೈಸ್ತರಲ್ಲಿ ಮೊದಲ ಪ್ರಶ್ನೆ, 'ಮಟನ್ ಬಿಟ್ಟಿದ್ದೀರಾ?' ಭಾನುವಾರಗಳನ್ನು ಬಿಟ್ಟು 40 ದಿನ. ನಾನೂ ಬಿಡುತ್ತೇನೆ. ಅದೇನೂ ಕಷ್ಟವಲ್ಲ. ನನಗೆ ಕಷ್ಟ ಇರುವುದು ಶನಿವಾರ ಸಂಜೆ, ಬಟವಾಡೆ ಹೊತ್ತಿನಲ್ಲಿ.

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಇಲ್ಲಿ ಕೂಲಿ ಪೀಸ್ ಲೆಕ್ಕ. ಕಟಿಂಗ್, ಹೊಲಿಗೆ, ಕಾಜಾ, ಇಸ್ತ್ರಿ, ಒಂದೊಂದಕ್ಕೂ ಬೇರೆ ಕೈ. ಹೊಲಿದ ಪ್ಯಾಂಟಿನ ದಾರ ಕತ್ತರಿಸಲು ಹೆಂಗಸರು ಬಂಡಲ್‌ಗಳನ್ನು ಮನೆಗೆ ಒಯ್ಯುತ್ತಾರೆ. ತಂದು ಕೊಟ್ಟಾಗ ನಾನು ಪುಸ್ತಕದಲ್ಲಿ ಬರೆಯಬೇಕು. ಓದು ಬರಹ ಬಾರದವರೂ ಅವರಲ್ಲಿದ್ದಾರೆ. ಪೆನ್ನು ನನ್ನ ಕೈಯಲ್ಲಿದೆ ಅನ್ನುವುದು ಸಣ್ಣ ಮಾತಲ್ಲ.

ಆ ಶನಿವಾರ 50 ಪ್ಯಾಂಟಿನ ಒಂದು ಬಂಡಲ್ ಯಾರ ಹೆಸರಿಗೂ ಏರದೆ ಮೂಲೆಯಲ್ಲಿತ್ತು. ಕಟ್ಟಿದ್ದು ಹಸಿರು ಸೀರೆಯ ಹರಿದ ಅಂಚಿನಿಂದ. ಕೌಲ್ ಬಜಾರಿನಿಂದ ಬರುವ ಅಕ್ಕ ಒಬ್ಬಳೇ ಹಾಗೆ ಕಟ್ಟುವುದು. ಸೂಪರ್‌ವೈಸರ್ ಹತ್ತಿರ ಬಂದು ದನಿ ತಗ್ಗಿಸಿದ. 'ಆಕಿಗೇ ನೆನಪಿಲ್ಲಕ್ಕಾ. ನಮ್ಮ ಹುಡುಗನ ಹೆಸರಿಗೆ ಹಾಕಿಬಿಡ್ರಿ. ಯಾರ ಗಂಟು ಹೋಗ್ತದ?'

ಅವನ ಎದುರೇ ಅವಳ ಹೆಸರಿಗೆ ಬರೆದೆ. ದುಡ್ಡು ಎಣಿಸಿಕೊಂಡ ಅಕ್ಕ, 'ಜಾಸ್ತಿ ಬಂದೈತಲ್ಲಮ್ಮಾ' ಎಂದು ವಾಪಸ್ ಚಾಚಿದಳು. ಬಂಡಲ್ ತೋರಿಸಿದೆ. 'ಅಯ್ಯ, ನಮ್ಮ ಸೀರಿ!' ಎಂದು ನಕ್ಕು ದುಡ್ಡನ್ನು ಸೆರಗಿಗೆ ಕಟ್ಟಿಕೊಂಡಳು.

ಅಲ್ಲಿಗೆ ಮುಗಿಯಿತು ಅಂದುಕೊಳ್ಳಬಹುದು. ಆದರೆ ಮನೆಗೆ ಹೋಗುವ ದಾರಿಯಲ್ಲೇ ನನ್ನೊಳಗೆ ಇನ್ನೊಂದು ಶುರುವಾಯಿತು. ನಾಳೆ ಚರ್ಚ್ ಮುಗಿದ ಮೇಲೆ ಇದನ್ನು ಯಾರಿಗೆ ಹೇಳಲಿ, ಅವನ ಹೆಸರು ಎತ್ತಲೋ ಬೇಡವೋ, ಎಷ್ಟು ಚೆನ್ನಾಗಿ ಹೇಳಲಿ!

ಮಲಗುವ ಮುಂಚೆ ಒಂದು ಅಧ್ಯಾಯ ಓದುವುದು ನಮ್ಮ ಮನೆಯ ರೂಢಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇದೇ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೂತವರು. ನಮ್ಮೂರಲ್ಲಿ ಕೂತು ಕನ್ನಡದಲ್ಲಿ ಅದನ್ನು ಓದುವಾಗ ನನಗೆ ಅವರ ನೆನಪಾಗುತ್ತದೆ. ಅವತ್ತು ಮಾರ್ಕನ 7ನೇ ಅಧ್ಯಾಯ. ಹೊರಗಿನಿಂದ ಒಳಗೆ ಹೋಗುವುದು ಮನುಷ್ಯನನ್ನು ಕೆಡಿಸುವುದಿಲ್ಲ, ಹೃದಯದಿಂದ ಹೊರಗೆ ಬರುವುದೇ ಕೆಡಿಸುತ್ತದೆ ಎಂದು ಯೇಸು ಹೇಳುವ ಭಾಗ. ಅಲ್ಲಿನ ಪಟ್ಟಿಯಲ್ಲಿ ಕಳ್ಳತನ ಇದೆ. ಅದೇ ಪಟ್ಟಿಯಲ್ಲಿ ಸೊಕ್ಕೂ ಇದೆ. ಪುಸ್ತಕದಲ್ಲಿ ಕಳ್ಳತನವನ್ನು ತಡೆದವಳಿಗೆ ಸೊಕ್ಕು ಕಾಣದಂತೆ ಹತ್ತಿರ ಬಂದು ಕೂತಿತ್ತು, ಅಲ್ವಾ?

ಭಾನುವಾರ ಯಾರಿಗೂ ಹೇಳಲಿಲ್ಲ. ತಪ್ಪು ಮಾಡಿದವನ ಹತ್ತಿರ ಒಬ್ಬರೇ ಹೋಗಿ ಮಾತಾಡಿ ಎಂದು ಮತ್ತಾಯನ 18ರಲ್ಲಿದೆ. ಸೋಮವಾರ ಸೂಪರ್‌ವೈಸರ್‌ಗೆ ಹಾಗೇ ಹೇಳಿದೆ. 'ನಿನ್ನ ಮೇಲೆ ಸಿಟ್ಟಿಲ್ಲಪ್ಪಾ. ಇಂಥದ್ದು ಇನ್ನು ನನ್ನ ಹತ್ರ ತರಬೇಡ.' ಅವನು ಏನೂ ಅನ್ನಲಿಲ್ಲ.

'ಮನಸ್ಸು ಶುದ್ಧ ಇದ್ದರೆ ಸಾಕು' ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮನಸ್ಸು ಗಳಿಗೆಗೊಂದು ಬಣ್ಣ. ಕೈಗೆ ಒಂದು ರೂಢಿ ಬೇಕು. ಅದಕ್ಕೇ ಈಗ ಬಂಡಲ್ ಬಂದ ಕೂಡಲೇ ಅವರ ಎದುರೇ ಎಣಿಸಿ, ಸಂಖ್ಯೆಯನ್ನು ಜೋರಾಗಿ ಹೇಳಿ, ಕಾರ್ಬನ್ ಇಟ್ಟು ಎರಡು ಚೀಟಿ ಬರೆಯುತ್ತೇನೆ. ಒಂದು ಅವರಿಗೆ, ಒಂದು ನಮಗೆ. ಚೀಟಿ ಪುಸ್ತಕದ ಖರ್ಚನ್ನು ಕೇಳಿದಾಗ ಮಾಲೀಕರು ಮರುಮಾತಾಡದೆ ಕೊಟ್ಟರು. ಕೌಲ್ ಬಜಾರಿನ ಅಕ್ಕನಿಗೆ ಓದಲು ಬರುವುದಿಲ್ಲ. ಮಗಳ ಹತ್ತಿರ ಓದಿಸಿ ತಾಳೆ ನೋಡುತ್ತಾಳೆ.