ಖಾನಾವಳಿ ಬಾಗಿಲು ತೆರೆಯುವ ಮೊದಲು: ಕಾಗದ, ಗಾಳಿ, ರೊಟ್ಟಿಯ ಲೆಕ್ಕ

ಕೊರೊನಾ ಎರಡನೇ ಅಲೆಯ ಲಾಕ್‌ಡೌನಿನಲ್ಲಿ ದುಡಿಮೆ ನಿಂತವರಿಗೆಂದು 2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ 1250 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಆಟೊ, ಟ್ಯಾಕ್ಸಿ ಚಾಲಕರಿಗೆ 3000, ಕಟ್ಟಡ ಕಾರ್ಮಿಕರಿಗೆ 3000. ಹಮಾಲರು, ದರ್ಜಿಗಳು, ಮನೆಗೆಲಸದವರು ಮುಂತಾದವರಿಗೆ 2000. ಬೀದಿ ಬದಿ ವ್ಯಾಪಾರಿಗಳಿಗೂ 2000 ಇತ್ತು, ಆದರೆ ಬೀದಿ ವ್ಯಾಪಾರಿಗಳಿಗೆ ಸಾಲ ಕೊಡುವ ಕೇಂದ್ರದ ಯೋಜನೆಯಾದ ಆತ್ಮನಿರ್ಭರ ನಿಧಿಯಲ್ಲಿ ಅದಕ್ಕೂ ಮೊದಲೇ ಹೆಸರು ನೋಂದಾಯಿಸಿದವರಿಗೆ ಮಾತ್ರ. ಕಲಬುರಗಿಯ ಸೂಪರ್ ಮಾರ್ಕೆಟ್ ಬದಿ ಬುಟ್ಟಿಯಲ್ಲಿ ರೊಟ್ಟಿ ಮಾರುವ ಇಬ್ಬರು ಹೆಣ್ಣುಮಕ್ಕಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹಿಂದಿನ ವರ್ಷ ಪಾಲಿಕೆಯ ಸಮೀಕ್ಷೆಯಲ್ಲಿ ಹೆಸರು ಬರೆಸಿದವಳು ಆ ಹಣಕ್ಕೆ ಅರ್ಹಳು, ಬರೆಸದವಳು ಅಲ್ಲ. ವ್ಯಾಪಾರ ಒಂದೇ, ಬಂದ ಕಷ್ಟ ಒಂದೇ. ನಾಲ್ಕು ಗೋಡೆಯ ಖಾನಾವಳಿಯಲ್ಲಿ ದಿನಗೂಲಿಗೆ ರೊಟ್ಟಿ ಬಡಿಯುವವಳ ಕೆಲಸವಂತೂ ಬೀದಿ ವ್ಯಾಪಾರದ ಲೆಕ್ಕಕ್ಕೇ ಬರುವುದಿಲ್ಲ. ಪರಿಹಾರ ಸಿಗುವುದು ಬಿಡುವುದು ಕಷ್ಟ ಬಂದ ತಿಂಗಳಲ್ಲಲ್ಲ, ಅದಕ್ಕೂ ಮೊದಲಿನ ಕಾಗದದಲ್ಲಿ ತೀರ್ಮಾನವಾಗಿರುತ್ತದೆ. ಅದಕ್ಕೇ, ಮುಂದೆ ಎಂದಾದರೂ ಹಾಗೆ ಮುಚ್ಚಿ ಮತ್ತೆ ಬಾಗಿಲು ತೆರೆಯಬೇಕಾದ ಖಾನಾವಳಿಯವರಿಗೆಂದು ಬರೆದ ಈ ಬರಹದಲ್ಲಿ ಕಾಗದದ ಮಾತು ಮೊದಲು, ಒಲೆ ಹಚ್ಚುವ ಮಾತು ಆಮೇಲೆ.

ಹೆಚ್ಚಿನವರು ಎಡವುವುದು ಆಧಾರ್ ವಿಷಯದಲ್ಲಿ. ‘ನನ್ನ ಖಾತೆಗೆ ಆಧಾರ್ ಲಿಂಕ್ ಆಗೇದ’ ಅನ್ನುವ ಮಾತಿಗೆ ಎರಡು ಅರ್ಥ ಇವೆ. ಗುರುತಿಗೆಂದು ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿರುವುದು ಒಂದು. ಸರ್ಕಾರದ ಹಣ ಈ ಖಾತೆಗೇ ಬರಲಿ ಎಂದು ಒಪ್ಪಿಗೆ ಬರೆದುಕೊಟ್ಟು, ಬ್ಯಾಂಕುಗಳ ನಡುವೆ ಹಣ ಸಾಗಿಸುವ ಸಂಸ್ಥೆಯಾದ ಎನ್‌ಪಿಸಿಐ ಪಟ್ಟಿಯಲ್ಲಿ ಸೇರಿಸುವುದು ಇನ್ನೊಂದು. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತದೆ, ಅದೂ ಕೊನೆಗೆ ಜೋಡಿಸಿದ್ದು. ಹತ್ತು ವರ್ಷದಿಂದ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ಇದ್ದು, ನಡುವೆ ಸಿಮ್ ಕೊಳ್ಳುವಾಗಲೋ ಸಂಘದ ಸಾಲಕ್ಕೋ ಬೇರೆ ಖಾತೆ ತೆರೆದು ಹೆಬ್ಬೆಟ್ಟು ಒತ್ತಿದ್ದರೆ, ಹಣ ಆ ಹೊಸ ಖಾತೆಗೆ ಹೋಗಿ ಕೂತಿರಬಹುದು. ‘ಬಂದಿಲ್ಲ’ ಎಂದು ಕಚೇರಿ ಅಲೆಯುವ ಮೊದಲು ಇದನ್ನು ನೋಡಿ. ಆಧಾರ್‌ನ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು, ನೋಡಬಹುದು. ಅದಕ್ಕೆ ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಬೇಕು, ಒಟಿಪಿ ಬರುವುದು ಅದಕ್ಕೇ. ರಾಜ್ಯದ ಹಣಕ್ಕೆ ಡಿಬಿಟಿ (ನೇರ ಹಣ ವರ್ಗಾವಣೆ) ಕರ್ನಾಟಕ ಆ್ಯಪ್ ಇದೆ. ಯಾವ ಯೋಜನೆ, ಯಾವ ದಿನ, ಯಾವ ಬ್ಯಾಂಕ್ ಎಂಬುದು ಅದರಲ್ಲಿ ಸಿಗುತ್ತದೆ.

ಬ್ಯಾಂಕ್ ಸರಿ ಇದ್ದೂ ಹಣ ವಾಪಸಾಗುವುದುಂಟು. ಎರಡು ವರ್ಷ ಗ್ರಾಹಕರ ಕಡೆಯಿಂದ ಹಾಕುವುದು, ತೆಗೆಯುವುದು ಏನೂ ಆಗದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ನೂರು ರೂಪಾಯಿ ಹಾಕಿ ನೂರು ತೆಗೆದರೂ ಸಾಕು, ವರ್ಷಕ್ಕೊಮ್ಮೆ ಮಾಡಿ. ಆಧಾರ್‌ನಲ್ಲಿ ‘ಶರಣಮ್ಮ’, ಪಾಸ್‌ಬುಕ್ಕಿನಲ್ಲಿ ‘ಶರಣವ್ವ’ ಎಂದಿದ್ದರೂ ಅರ್ಜಿ ನಿಲ್ಲುತ್ತದೆ. ಪೂರ್ತಿ ದಾಖಲೆ ಕೊಡದೆ ತೆರೆದ ಜನಧನ್ ‘ಸಣ್ಣ ಖಾತೆ’ಯಿಂದ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ತೆಗೆಯಲು ಬರುವುದಿಲ್ಲ.

ಎಲ್ಲ ಹಣವೂ ಆಧಾರ್ ದಾರಿಯಲ್ಲೇ ಬರುವುದಿಲ್ಲ ಎಂಬುದೂ ಗೊತ್ತಿರಲಿ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಹೆಣ್ಣುಮಕ್ಕಳಿಗೆ ತಿಂಗಳಿಗೆ 500 ರೂಪಾಯಿಯಂತೆ ಬಂದದ್ದು ನೇರ ಜನಧನ್ ಖಾತೆಗೆ. ಗದ್ದಲ ತಪ್ಪಿಸಲು ಖಾತೆ ಸಂಖ್ಯೆಯ ಕೊನೆಯ ಅಂಕಿಯಂತೆ ದಿನ ಹಂಚಿದ್ದರು: 0, 1 ಇದ್ದವರಿಗೆ ಏಪ್ರಿಲ್ 3, 2, 3 ಇದ್ದವರಿಗೆ ಏಪ್ರಿಲ್ 4, ಹೀಗೆ ಏಪ್ರಿಲ್ 9ರವರೆಗೆ. ಒಳ್ಳೆಯ ವ್ಯವಸ್ಥೆ ಅದು, ಮುಂದೆಯೂ ಹಾಗೇ ಮಾಡಬೇಕು. ತೆಗೆಯದಿದ್ದರೆ ಹಣ ವಾಪಸ್ ಹೋಗುತ್ತದೆ ಎಂಬ ಸುಳ್ಳು ಸುದ್ದಿಗೆ ಹೆದರಿ ಉರಿಬಿಸಿಲಿನಲ್ಲಿ ಸಾಲು ನಿಲ್ಲಬೇಡಿ. ಊರಲ್ಲೇ ಬ್ಯಾಂಕ್ ಸೇವೆ ಕೊಡುವ ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಹೆಬ್ಬೆಟ್ಟಿನಿಂದ ತೆಗೆದರೆ ಚೀಟಿ ಕೇಳಿ ಪಡೆಯಿರಿ, ಉಳಿಕೆ ಎಷ್ಟೆಂದು ಅದರಲ್ಲೇ ಇರುತ್ತದೆ. ವರ್ಷಗಟ್ಟಲೆ ರೊಟ್ಟಿ ಬಡಿದ ಕೈಯಲ್ಲಿ ಗೆರೆ ಸವೆದಿರುತ್ತವೆ. ಹೆಬ್ಬೆಟ್ಟು ಹಿಡಿಯದಿದ್ದರೆ ಕೈ ತೊಳೆದು, ಒರೆಸಿ, ಬೇರೆ ಬೆರಳು ಇಟ್ಟು ನೋಡಿ.

ಕೆಲಸದ ಗುರುತಿನ ಕಾಗದ ಇನ್ನೊಂದು ಕಡೆ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಲು ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಕಾರ್ಡ್ ಇದ್ದೂ ನವೀಕರಣ ತಪ್ಪಿದರೆ ಇಲ್ಲದಂತೆಯೇ ಲೆಕ್ಕ. ಅಸಂಘಟಿತ ಕಾರ್ಮಿಕರಿಗೆಂದು 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ಕಾರ್ಡಿಗೆ 16ರಿಂದ 59 ವಯಸ್ಸು. ಖಾನಾವಳಿ ನಡೆಸುವವರು ತಮ್ಮಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ಇದನ್ನು ಮಾಡಿಸಿಕೊಡಬೇಕು, ಅರ್ಧ ದಿನದ ಕೆಲಸ. ರಸ್ತೆ ಬದಿ ಮಾರುವವರು ಪಾಲಿಕೆಯಿಂದ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಪಡೆಯಬೇಕು. ಆ ಪತ್ರದಿಂದ ಆತ್ಮನಿರ್ಭರ ನಿಧಿಯಲ್ಲಿ 2020ರಲ್ಲಿ ಸಿಗುತ್ತಿದ್ದ ಸಾಲ 10,000, ಜಾಮೀನು ಇಲ್ಲ, ಒಂದು ವರ್ಷದ ಕಂತು, ಸಮಯಕ್ಕೆ ಕಟ್ಟಿದರೆ ಶೇ. 7ರಷ್ಟು ಬಡ್ಡಿ ವಾಪಸ್. ತಿಂಗಳಿಗೆ 900 ರೂಪಾಯಿ ಆಸುಪಾಸು ಕಟ್ಟಬೇಕಾಗುತ್ತಿತ್ತು. 2025ರಲ್ಲಿ ಮೊದಲ ಸಾಲವನ್ನು 15,000ಕ್ಕೆ ಏರಿಸಿದರು. ಈ ಹಣದಲ್ಲಿ ಹಳೆಯ ಬಾಕಿ ತೀರಿಸಿದರೆ ಜೋಳ ಕೊಳ್ಳಲು ಮತ್ತೆ ಕೈಗಡವೇ ಗತಿ. ದುಡಿಯುವ ಬಂಡವಾಳವಾಗಿಯೇ ಇಡಿ.

ಇನ್ನು ಬಾಗಿಲು ತೆರೆಯುವ ಮಾತು. 2020ರ ಜೂನ್ 8ರಿಂದ ಹೋಟೆಲುಗಳಲ್ಲಿ ಕೂತು ಉಣ್ಣಲು ಬಿಟ್ಟರು, ಅದಕ್ಕೂ ಮೊದಲು ಪಾರ್ಸೆಲ್ ಮಾತ್ರ. ಎರಡನೇ ಅಲೆ ಇಳಿದಾಗ, 2021ರ ಜೂನ್ 21ರಿಂದ, ಸೋಂಕಿನ ಪ್ರಮಾಣ ಶೇ. 5ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ ಅರ್ಧ ಆಸನ, ಸಂಜೆ 5ರವರೆಗೆ, ಎಸಿ ಇಲ್ಲದೆ ಎಂಬ ಷರತ್ತು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆ ಪಟ್ಟಿಯಲ್ಲಿದ್ದವು. ಎಸಿ ಬೇಡ ಎಂದದ್ದಕ್ಕೆ ಕಾರಣ ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ: ಅದು ಒಳಗಿನ ಗಾಳಿಯನ್ನೇ ಸುತ್ತಿಸಿ ತಂಪು ಮಾಡುತ್ತದೆ, ಒಬ್ಬರು ಬಿಟ್ಟ ಉಸಿರು ಅಲ್ಲೇ ಉಳಿಯುತ್ತದೆ.

ನಮ್ಮ ಕಡೆ ಬೇಸಿಗೆಯ ಆಸರೆ ಕೂಲರ್. ಕಿಟಕಿಗೆ ಹೊರಗಿನಿಂದ ಕೂರಿಸಿದರೆ ಅದು ಹೊರಗಾಳಿಯನ್ನು ಒಳಗೆ ನೂಕುತ್ತದೆ. ಎದುರು ಬಾಗಿಲು ಅಥವಾ ಕಿಟಕಿ ತೆರೆದಿದ್ದರೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಅದೇ ಕೂಲರನ್ನು ಸ್ಟ್ಯಾಂಡ್ ಮೇಲೆ ಕೋಣೆಯ ಮೂಲೆಯಲ್ಲಿಟ್ಟರೆ ಒಳಗಿನ ಗಾಳಿಯನ್ನೇ ಹಸಿಮಾಡಿ ತಿರುಗಿಸುತ್ತದೆ, ಜನರಿಗೆ ಶೆಕೆಯೂ ಹೆಚ್ಚು. ಪರೀಕ್ಷಿಸಲು ಊದಿನಕಡ್ಡಿ ಸಾಕು: ಊಟದ ಕೋಣೆಯ ನಡುವೆ ಹಚ್ಚಿ ನೋಡಿ. ಹೊಗೆ ಒಂದೇ ದಿಕ್ಕಿಗೆ ಹೊರಟು ಹೊರಗೆ ಹೋದರೆ ಸರಿ, ತಲೆಯ ಮಟ್ಟದಲ್ಲಿ ನಿಂತು ಸುಳಿದರೆ ಆ ಮೂಲೆಗೆ ಮೇಜು ಹಾಕಬೇಡಿ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಅದರ ಪಕ್ಕದ ಕಿಟಕಿ ಮುಚ್ಚಿ, ದೂರದ್ದು ತೆರೆಯಿರಿ. ಪಕ್ಕದ್ದೇ ತೆರೆದಿದ್ದರೆ ಅಲ್ಲಿಂದ ಬಂದ ಗಾಳಿ ಅಲ್ಲೇ ಹೊರಗೆ ಹೋಗುತ್ತದೆ, ಕೋಣೆಗೆ ಏನೂ ದಕ್ಕುವುದಿಲ್ಲ.

ನೆಲಕ್ಕೆ ಬ್ಲೀಚಿಂಗ್ ಪುಡಿ. ಶೇ. 30ರಷ್ಟು ಕ್ಲೋರಿನ್ ಇರುವ ಪುಡಿಯಾದರೆ ಒಂದು ಲೀಟರ್ ನೀರಿಗೆ 30 ಗ್ರಾಂ ಹಾಕಿದಾಗ ಶೇ. 1ರ ದ್ರಾವಣಕ್ಕೆ ಹತ್ತಿರ ಬರುತ್ತದೆ. ಅಂದಂದಿಗೆ ಕಲಸಿ, ಹತ್ತು ನಿಮಿಷ ಬಿಟ್ಟು ಒರೆಸಿ. ಸ್ಟೀಲು, ಕಬ್ಬಿಣಕ್ಕೆ ತಾಗಿದರೆ ನೀರಿನಿಂದ ತೊಳೆಯಿರಿ, ತುಕ್ಕು ಹಿಡಿಸುತ್ತದೆ. ಎಚ್ಚರ ಬೇಕಾದದ್ದು ಆ್ಯಸಿಡ್ ವಿಷಯದಲ್ಲಿ. ನಮ್ಮ ಕಡೆ ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದರೆ ನೊರೆ ಎದ್ದು ಕಲ್ಲು ಸವೆಯುತ್ತದೆ. ಅದೂ ಬ್ಲೀಚಿಂಗ್ ಹಾಕಿದ ನೆಲದ ಮೇಲೆ ಆ್ಯಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ. ಎರಡನ್ನೂ ಒಂದೇ ದಿನ ಬಳಸಲೇಬೇಡಿ.

ತಿಂಗಳುಗಟ್ಟಲೆ ಮುಚ್ಚಿದ್ದ ನೀರಿನ ಟಾಕಿ ಖಾಲಿ ಮಾಡಿ, ತಿಕ್ಕಿ, ಮತ್ತೆ ತುಂಬಿಸಿ. ಸಾವಿರ ಲೀಟರಿಗೆ 5 ಗ್ರಾಂ ಬ್ಲೀಚಿಂಗ್ ಪುಡಿ. ಮೊದಲು ಚೊಂಬಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಟಾಕಿಗೆ ಹಾಕಿ, ಒಂದು ಗಂಟೆ ಬಿಡಿ. ಗ್ಯಾಸ್ ಪೈಪಿಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ.

ಹಾಗೆ ಅರ್ಧ ಆಸನವಷ್ಟೇ ಇದ್ದಾಗ ನಷ್ಟ ಆಗದಂತೆ ಉಳಿಸುವುದು ರೊಟ್ಟಿಯೇ. ಕಿಲೋ ಹಿಟ್ಟಿಗೆ 12ರ ಹತ್ತಿರ ರೊಟ್ಟಿ ಬರುತ್ತವೆ. ಮುಚ್ಚುವ ಮೊದಲು ಬೀಸಿಟ್ಟ ಹಿಟ್ಟಿಗೆ ಜಿಗಿ ಹೋಗಿರುತ್ತದೆ, ಎಷ್ಟು ಬಿಸಿ ಎಸರು ಹಾಕಿ ನಾದಿದರೂ ಬಡಿಯುವಾಗ ಅಂಚು ಒಡೆಯುತ್ತದೆ. ಅದು ಅಂಬಲಿಗಾಗಲಿ. ಹೊಸದಾಗಿ ವಾರಕ್ಕೆ ಬೇಕಾದಷ್ಟೇ ಬೀಸಿ. ಗಿರಾಕಿ ಎಷ್ಟು ಬರುತ್ತಾರೆಂದು ತಿಳಿಯದ ಮೊದಲ ಹದಿನೈದು ದಿನ ಬಿಸಿ ರೊಟ್ಟಿ ಎಣಿಸಿ ಮಾಡಿ, ಉಳಿದದ್ದನ್ನು ಅಂದೇ ಹಂಚಿನ ಬದಿಗಿಟ್ಟು ಕಟಕ್ ಮಾಡಿ. ನೀರಿನ ಪಸೆ ಪೂರ್ತಿ ಹೋಗಿ ಮುರಿದರೆ ‘ಕಟ್’ ಅನ್ನಬೇಕು, ಇಲ್ಲದಿದ್ದರೆ ನಡುವೆ ಬೂಷ್ಟು. ಕಟಕ್ ರೊಟ್ಟಿ, ಶೇಂಗಾ ಹಿಂಡಿ ವಾರಗಟ್ಟಲೆ ಉಳಿಯುತ್ತವೆ, ಪಾರ್ಸೆಲಿಗೂ ಸಲೀಸು. ಕೆಡುವುದು ಪಲ್ಯ ಮಾತ್ರ. ಎಣ್ಣೆಗಾಯಿ, ಪುಂಡಿಪಲ್ಯ ಒಂದೇ ಹಂಡೆ ಮಾಡದೆ ಬೆಳಿಗ್ಗೆ 11ಕ್ಕೊಮ್ಮೆ, ಮಧ್ಯಾಹ್ನ 1ಕ್ಕೊಮ್ಮೆ ಸಣ್ಣ ಪಾತ್ರೆಯಲ್ಲಿ ಮಾಡಿ. ಗಿರಾಕಿ ಮನೆಯಿಂದಲೇ ಡಬ್ಬಿ ತಂದರೆ ಎರಡು ರೂಪಾಯಿ ಕಡಿಮೆ ಮಾಡಿ. ಡಬ್ಬಿಯೊಳಗೆ ನಿಮ್ಮ ಸೌಟು ತಾಗದಂತೆ ಮೇಲಿನಿಂದ ಬಡಿಸಿ. ಪಡಿತರದ ಅಕ್ಕಿ ಮನೆಯ ಊಟಕ್ಕೆ, ಖಾನಾವಳಿಯ ಅನ್ನಕ್ಕೆ ಅದನ್ನು ಬಳಸಿದರೆ ಕಾರ್ಡೇ ಹೋಗುತ್ತದೆ.

ಜ್ವರ ಬಂದ ರೊಟ್ಟಿ ಬಡಿಯುವವಳು ಅದನ್ನು ಮುಚ್ಚಿಟ್ಟು ಕೆಲಸಕ್ಕೆ ಬರುವುದು ಕೂಲಿ ಹೋಗುತ್ತದೆಂಬ ಅಂಜಿಕೆಗೆ. ಹಣೆಗೆ ಜ್ವರ ಅಳೆಯುವ ಯಂತ್ರ ಹಿಡಿದರೆ ಆ ಅಂಜಿಕೆ ಹೋಗುವುದಿಲ್ಲ, ರಜೆಯ ಕೂಲಿ ಕೊಟ್ಟರೆ ಹೋಗುತ್ತದೆ. ಊಟಕ್ಕೆ 2 ರೂಪಾಯಿಯಂತೆ ಬೇರೆ ಡಬ್ಬಿಗೆ ಹಾಕಿ. ದಿನಕ್ಕೆ 30 ಊಟ, 26 ದಿನ ಎಂದರೂ ತಿಂಗಳಿಗೆ 1560 ರೂಪಾಯಿ ಕೂಡುತ್ತದೆ. ಆ ಹಣ ಯಾರಿಗೆ, ಎಷ್ಟು ದಿನಕ್ಕೆ ಎಂಬುದನ್ನು ಬಾಗಿಲು ತೆರೆಯುವ ಮೊದಲ ದಿನವೇ ಎಲ್ಲರೆದುರು ಹೇಳಿಬಿಡಿ.