1986: ಯಾರಿಗೆ, ಎಷ್ಟು ಮೊದಲು ಗೊತ್ತಿತ್ತು?

1986ರ ಘಟನೆಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಚಾಲೆಂಜರ್, ಚೆರ್ನೋಬಿಲ್, ಹ್ಯಾಲಿ ಧೂಮಕೇತು, ಮರಡೋನಾನ ಕೈ. ತಾರೀಖೂ ಪಕ್ಕಾ ಇರುತ್ತದೆ. ಇಲ್ಲದಿರುವುದು ಒಂದೇ ಕಾಲಂ: ಇದು ಯಾರಿಗೆ, ಎಷ್ಟು ಮೊದಲು ಗೊತ್ತಿತ್ತು? ಅದನ್ನೂ ಸೇರಿಸಿಕೊಂಡು ಓದಿದರೆ ಆ ವರ್ಷದ ರುಚಿಯೇ ಬೇರೆ.

ಜನವರಿ 28ರ ಬೆಳಿಗ್ಗೆ 11:38ಕ್ಕೆ ಫ್ಲಾರಿಡಾದಿಂದ ಹಾರಿದ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್, 73ನೇ ಸೆಕೆಂಡಿಗೆ ಸುಮಾರು 14 ಕಿ.ಮೀ. ಎತ್ತರದಲ್ಲಿ ಛಿದ್ರವಾಯಿತು. ಒಳಗಿದ್ದ ಏಳೂ ಜನ ಸತ್ತರು. ಅವರಲ್ಲೊಬ್ಬರು ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್. ಓ-ರಿಂಗ್ ಕೈಕೊಟ್ಟಿತು ಎಂದು ಎಲ್ಲರೂ ಹೇಳುತ್ತಾರೆ, ಅದು ಮಾಡಬೇಕಿದ್ದ ಕೆಲಸ ಏನೆಂದು ಹೇಳುವವರು ಕಡಿಮೆ. ಬೂಸ್ಟರ್ ರಾಕೆಟ್ ಎಂದರೆ 3.7 ಮೀಟರ್ ವ್ಯಾಸದ ಉಕ್ಕಿನ ಕೊಳವೆ. ಅದನ್ನು ತುಂಡು ತುಂಡಾಗಿ ತಂದು ಒಂದರ ಮೇಲೊಂದು ಕೂರಿಸುತ್ತಾರೆ. ಪ್ರತಿ ಜೋಡಣೆಯ ಸಂದಿಗೆ ಎರಡೆರಡು ರಬ್ಬರ್ ಬಳೆ, ಅದೇ ಓ-ರಿಂಗ್, ದಪ್ಪ ಆರೇಳು ಮಿ.ಮೀ. ಅಷ್ಟೆ. ರಾಕೆಟ್ ಹೊತ್ತಿಕೊಂಡ ಕೂಡಲೇ ಒಳಗಿನ ಒತ್ತಡಕ್ಕೆ ಕೊಳವೆ ಉಬ್ಬಿ ಸಂದಿ ಒಂದಿಷ್ಟು ಬಾಯಿ ಬಿಡುತ್ತದೆ. ಸೆಕೆಂಡಿನ ಒಂದು ಚೂರಿನೊಳಗೆ ರಬ್ಬರ್ ಹಿಗ್ಗಿ ಆ ಜಾಗ ತುಂಬಬೇಕು. ಚಳಿಗೆ ಸೆಟೆದ ರಬ್ಬರ್ ಹಿಗ್ಗುವುದು ನಿಧಾನ, ಬೆಂಕಿಗೆ ಆ ತಾಳ್ಮೆ ಇಲ್ಲ.

ಬೂಸ್ಟರ್ ತಯಾರಿಸಿದ ಮಾರ್ಟನ್ ಥಿಯೋಕಾಲ್‌ನ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಎಂದು ಹಿಂದಿನ ರಾತ್ರಿಯ ಫೋನ್ ಸಭೆಯಲ್ಲಿ ವಾದಿಸಿದರು. ಮೇಲಿನವರು ಕೊನೆಗೆ ಅವರನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ಹಾರುವ ಹೊತ್ತಿಗೆ ಇದ್ದದ್ದು ಸುಮಾರು 2 ಡಿಗ್ರಿ. ನನಗೆ ಹೆಚ್ಚು ಕಾಡುವುದು ಆ ವಾದ ಸೋತ ಬಗೆ. ರಬ್ಬರ್ ಸುಟ್ಟಿದ್ದ ಹಾರಾಟಗಳನ್ನಷ್ಟೇ ತಾಪಮಾನದ ಜೊತೆ ಇಟ್ಟು ನೋಡಿದರೆ ಅಂಥ ನಂಟೇನೂ ಕಾಣುವುದಿಲ್ಲ, ಬಿಸಿಲಲ್ಲೂ ಸುಟ್ಟದ್ದುಂಟು. ಏನೂ ಆಗದೆ ಬಂದ ಹಾರಾಟಗಳನ್ನೂ ಅದೇ ಹಾಳೆಗೆ ಸೇರಿಸಿ: 18 ಡಿಗ್ರಿಗಿಂತ ಮೇಲೆ ಹಾರಿದ 20ರಲ್ಲಿ ತೊಂದರೆ 3ಕ್ಕೆ ಮಾತ್ರ, ಕೆಳಗೆ ಹಾರಿದ 4ಕ್ಕೆ 4ರಲ್ಲೂ ತೊಂದರೆ. ಇಷ್ಟು ಸ್ಪಷ್ಟ ಲೆಕ್ಕ ಹೊರಬಿದ್ದದ್ದು ತನಿಖಾ ಆಯೋಗ ಕೂತ ಮೇಲೆ. ಫೆಬ್ರವರಿ 11ರಂದು ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಣುಕನ್ನು ಕ್ಲಾಂಪಿನಲ್ಲಿ ಬಿಗಿದು ಐಸ್ ನೀರಿನ ಲೋಟದಲ್ಲಿ ಅದ್ದಿ, ಬಿಚ್ಚಿದ ಮೇಲೂ ಅದು ಅದುಮಿದ ಹಾಗೇ ಇರುವುದನ್ನು ಟಿವಿ ಕ್ಯಾಮೆರಾಗಳ ಎದುರೇ ತೋರಿಸಿದರು.

ಅದೇ ಫೆಬ್ರವರಿಯಲ್ಲಿ ಫಿಲಿಪೈನ್ಸ್‌ನಲ್ಲಿ ಚುನಾವಣೆ, ಫರ್ಡಿನಾಂಡ್ ಮಾರ್ಕೋಸ್ ಎದುರು ಕೊರಾಜನ್ ಅಕ್ವಿನೊ. ಅಲ್ಲಿ ಗೊತ್ತಿದ್ದವರು ಎಂದರೆ ಮತ ಎಣಿಕೆಯ ಕಂಪ್ಯೂಟರ್ ಆಪರೇಟರುಗಳು. ತಾವು ತುಂಬಿದ ಅಂಕಿಗೂ ಬೋರ್ಡಿನಲ್ಲಿ ಬರುವ ಅಂಕಿಗೂ ತಾಳೆಯಾಗುತ್ತಿಲ್ಲ ಎಂದು ಮೂವತ್ತು ಚಿಲ್ಲರೆ ಮಂದಿ ಎದ್ದು ಹೊರನಡೆದರು. ಲಕ್ಷಾಂತರ ಜನ ರಸ್ತೆಗಿಳಿದದ್ದು ಆಮೇಲೆ, 22ರಿಂದ. 25ರಂದು ಇಬ್ಬರೂ ಬೇರೆ ಬೇರೆ ಕಡೆ ಅಧ್ಯಕ್ಷ ಪದದ ಪ್ರಮಾಣ ವಚನ ತೆಗೆದುಕೊಂಡರು. ಆ ರಾತ್ರಿಯೇ ಮಾರ್ಕೋಸ್ ಅರಮನೆ ಬಿಟ್ಟರು. ಅವರ ಹೆಂಡತಿ ಇಮೆಲ್ಡಾರ ಚಪ್ಪಲಿ ಕತೆ ಎಲ್ಲರಿಗೂ ನೆನಪಿದೆ, ಆ ಆಪರೇಟರುಗಳು ಯಾರಿಗೂ ನೆನಪಿಲ್ಲ.

28ರ ರಾತ್ರಿ ಸ್ವೀಡನ್ ಪ್ರಧಾನಿ ಓಲೋಫ್ ಪಾಲ್ಮೆ ಸಿನಿಮಾ ಮುಗಿಸಿ ಹೆಂಡತಿ ಜೊತೆ ನಡೆದು ಹೋಗುತ್ತಿದ್ದಾಗ ಗುಂಡೇಟಿಗೆ ಬಲಿಯಾದರು. ಜೊತೆಗೆ ಅಂಗರಕ್ಷಕರಿರಲಿಲ್ಲ. ಇಲ್ಲಿ ನನ್ನ ಕಾಲಂ ಖಾಲಿ.

ಮಾರ್ಚ್ ತಿಂಗಳದ್ದು ಚೆಂದದ ಕತೆ. ಯುರೋಪಿನ ಜ್ಯೊಟ್ಟೊ ನೌಕೆ ಹ್ಯಾಲಿಯ ಹತ್ತಿರ ಹೋಗಬೇಕಿತ್ತು, ಆದರೆ ಧೂಳಿನ ಮುಸುಕಿನೊಳಗೆ ಅದರ ಗಟ್ಟಿ ತಿರುಳು ಎಲ್ಲಿದೆ ಎಂದು ಭೂಮಿಯಿಂದ ಕರಾರುವಾಕ್ಕಾಗಿ ಹೇಳಲು ಆಗುತ್ತಿರಲಿಲ್ಲ. ಸೋವಿಯತ್ತಿನ ವೇಗಾ-1 ಮಾರ್ಚ್ 6ಕ್ಕೆ, ವೇಗಾ-2 ಮಾರ್ಚ್ 9ಕ್ಕೆ ಎಂಟೊಂಬತ್ತು ಸಾವಿರ ಕಿ.ಮೀ. ದೂರದಿಂದ ಹಾದುಹೋದವು. ತಿರುಳಿನ ಜಾಗದ ಲೆಕ್ಕವನ್ನು ಮಾಸ್ಕೋ ತಡಮಾಡದೆ ಕೊಟ್ಟಿತು, ಅದನ್ನು ನಂಬಿ ಜ್ಯೊಟ್ಟೊದ ದಾರಿ ತಿದ್ದಿದರು. ಮಾರ್ಚ್ 14ರಂದು ಅದು 596 ಕಿ.ಮೀ. ಹತ್ತಿರದಿಂದ ಹಾದು, ಸುಮಾರು 15 ಕಿ.ಮೀ. ಉದ್ದದ, ಇದ್ದಿಲಿನಷ್ಟು ಕಪ್ಪಾದ ಗಡ್ಡೆಯ ಚಿತ್ರ ಕಳಿಸಿತು.

ಆರು ವಾರಕ್ಕೆ ಅದೇ ಸೋವಿಯತ್ ದೇಶ, ಚೆರ್ನೋಬಿಲ್ ಅಣುಸ್ಥಾವರ. ಅಲ್ಲಿ ನಡೆಯುತ್ತಿದ್ದದ್ದು ಸುರಕ್ಷತಾ ಪರೀಕ್ಷೆ: ಕರೆಂಟ್ ಹೋದರೆ, ಡೀಸೆಲ್ ಜನರೇಟರ್ ಶುರುವಾಗುವವರೆಗೆ, ತಿರುಗುತ್ತಲೇ ಇರುವ ಟರ್ಬೈನಿನ ಉಳಿದ ವೇಗದಿಂದ ನೀರಿನ ಪಂಪ್ ಓಡಿಸಬಹುದೇ? ಏಪ್ರಿಲ್ 25ರ ಮಧ್ಯಾಹ್ನ ಆಗಬೇಕಿದ್ದದ್ದು, ಕೀವ್‌ಗೆ ವಿದ್ಯುತ್ ಬೇಕೆಂದು ರಾತ್ರಿ ಪಾಳಿಗೆ ಬಿತ್ತು. ಕನಿಷ್ಠ 700 ಮೆಗಾವಾಟ್ ಉಷ್ಣ ಶಕ್ತಿ ಇರಬೇಕಿದ್ದ 4ನೇ ಘಟಕ 30ಕ್ಕೆ ಕುಸಿಯಿತು. ಶಕ್ತಿ ಇಳಿಸಿದಾಗ ಒಳಗೆ ಝೆನಾನ್-135 ಎಂಬ ಅನಿಲ ಜಮೆಯಾಗಿ, ಅಣು ಕ್ರಿಯೆಯನ್ನು ನಡೆಸುವ ನ್ಯೂಟ್ರಾನ್ ಕಣಗಳನ್ನು ನುಂಗುತ್ತದೆ; ಅದನ್ನು ಮೀರಿಸಲು, ಕ್ರಿಯೆಗೆ ಕಡಿವಾಣ ಹಾಕುವ ನಿಯಂತ್ರಣ ಸರಳುಗಳನ್ನು ಮೇಲೆಳೆಯುತ್ತಾ ಹೋದರು. ಹಾಗೂ ಹೀಗೂ 200ಕ್ಕೆ ತಂದು ನಿಲ್ಲಿಸಿದರು. 15 ಸರಳಿನಷ್ಟಾದರೂ ಒಳಗಿರಬೇಕಿದ್ದಲ್ಲಿ ಉಳಿದಿದ್ದದ್ದು ಸುಮಾರು 8ರಷ್ಟು.

26ರ ನಸುಕಿನ 1:23:40ಕ್ಕೆ ತುರ್ತು ನಿಲುಗಡೆಯ ಬಟನ್ ಒತ್ತಿದರು. ನಿಲ್ಲಿಸುವ ಬಟನ್ನೇ ಹೊತ್ತಿಸಿತು. ನ್ಯೂಟ್ರಾನ್ ಹೀರುವ ಬೋರಾನ್ ಭಾಗದ ಕೆಳಗೆ ಪ್ರತಿ ಸರಳಿಗೂ 4.5 ಮೀಟರ್ ಗ್ರಾಫೈಟ್ ತುಂಡು, ಅದರ ಕೆಳಗೆ ಸುಮಾರು 1.25 ಮೀಟರ್ ನೀರು. ಸರಳು ಇಳಿದಾಗ ಮೊದಲು ಜಾಗ ಬಿಡುವುದು ಆ ನೀರು. ನೀರು ಅಷ್ಟಿಷ್ಟು ನ್ಯೂಟ್ರಾನ್ ಹೀರುತ್ತದೆ, ಅಲ್ಲಿಗೆ ಬಂದ ಗ್ರಾಫೈಟ್ ಕ್ರಿಯೆಗೆ ಕುಮ್ಮಕ್ಕು ಕೊಡುತ್ತದೆ. ಒಂದೆರಡು ಸರಳಾದರೆ ನಡೆದೀತು, ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೆ ಮೇಲಿಂದ ಇಳಿದರೆ ತಳದಲ್ಲಿ ಶಕ್ತಿ ಚಿಮ್ಮುತ್ತದೆ. 1983ರಲ್ಲೇ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದಲ್ಲಿ ಈ ದೋಷ ಕಣ್ಣಿಗೆ ಬಿದ್ದಿತ್ತು. ಚೆರ್ನೋಬಿಲ್‌ನ ಆ ಪಾಳಿಯವರಿಗೆ ಅದನ್ನು ತಿಳಿಸಿದವರಿಲ್ಲ. ಆಪರೇಟರುಗಳ ತಪ್ಪು ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ಬರಹ ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಮೂರು ಕಿ.ಮೀ. ಆಚೆಯ ಪ್ರಿಪ್ಯಾಟ್‌ನಿಂದ ಜನರನ್ನು ಬಸ್ಸಿಗೆ ಹತ್ತಿಸಿದ್ದು 27ರ ಮಧ್ಯಾಹ್ನ, ಮೂರು ದಿನದ ಮಟ್ಟಿಗೆ ಎಂದು ಹೇಳಿ. 28ರ ಬೆಳಿಗ್ಗೆ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ಒಬ್ಬ ನೌಕರರ ಬೂಟಿನಿಂದ ವಿಕಿರಣದ ಅಲಾರಾಂ ಹೊಡೆದುಕೊಂಡಿತು. ಸೋರಿಕೆ ತಮ್ಮದೇ ಇರಬೇಕೆಂದು ಅವರು ಮೊದಲು ಹುಡುಕಾಡಿದರು. ಅಪಘಾತವಾಗಿದೆ ಎಂದು ಮಾಸ್ಕೋ ಟಿವಿ ನಾಲ್ಕು ಸಾಲಿನಲ್ಲಿ ಒಪ್ಪಿಕೊಂಡದ್ದು ಆ ರಾತ್ರಿ. ಗೋರ್ಬಚೆವ್ ಟಿವಿಯಲ್ಲಿ ಮಾತಾಡಲು ಮೇ 14 ಆಯಿತು.

ಜೂನ್ 22ರಂದು ಮೆಕ್ಸಿಕೋದ ಆಜ್ಟೆಕಾ ಕ್ರೀಡಾಂಗಣದಲ್ಲಿ ವಿಶ್ವಕಪ್ ಫುಟ್ಬಾಲಿನ ಅರ್ಜೆಂಟೀನಾ-ಇಂಗ್ಲೆಂಡ್ ಪಂದ್ಯ. ಗೋಲು ಕೈಯಿಂದ ಬಂದದ್ದೆಂದು ಗೊತ್ತಿದ್ದವರಲ್ಲಿ ಮೊದಲಿಗ ಕೈ ಆಡಿಸಿದ ಮರಡೋನಾ, ಎದುರಿಗೇ ಇದ್ದವರು ಇಂಗ್ಲೆಂಡಿನ ಗೋಲ್‌ಕೀಪರ್ ಪೀಟರ್ ಶಿಲ್ಟನ್. ಆಫ್‌ಸೈಡ್ ಯಾಕಲ್ಲ ಎಂಬ ಪ್ರಶ್ನೆ ಇಂದಿಗೂ ಬರುತ್ತದೆ: ಚೆಂಡನ್ನು ಹಿಂದಕ್ಕೆ ಎತ್ತಿ ಹಾಕಿದ್ದು ಇಂಗ್ಲೆಂಡಿನವರೇ ಆದ ಸ್ಟೀವ್ ಹಾಡ್ಜ್. ಟ್ಯುನೀಷಿಯಾದ ರೆಫರಿ ಅಲಿ ಬಿನ್ ನಾಸರ್ ತಮ್ಮ ಲೈನ್ಸ್‌ಮನ್ ಕಡೆ ನೋಡಿದರು, ಆಚೆಯಿಂದ ತಕರಾರಿಲ್ಲ, ಗೋಲು ಕೊಟ್ಟರು. ನಾಲ್ಕು ನಿಮಿಷದ ನಂತರ ಅದೇ ಮರಡೋನಾ ತನ್ನ ಅರ್ಧ ಮೈದಾನದಿಂದ ಹೊರಟು ಹೊಡೆದ ಗೋಲಿಗೆ ಯಾರ ಸಾಕ್ಷಿಯೂ ಬೇಕಿರಲಿಲ್ಲ.

ಆಗಸ್ಟ್ 21ರಂದು ಜಮೈಕಾದಲ್ಲಿ ಉಸೇನ್ ಬೋಲ್ಟ್ ಹುಟ್ಟಿದರು. ಅದೇ ತಾರೀಖಿನ ರಾತ್ರಿ ಕ್ಯಾಮರೂನಿನ ನ್ಯೋಸ್ ಸರೋವರ 1,700ಕ್ಕೂ ಹೆಚ್ಚು ಜನರನ್ನು ಕೊಂದಿತು. 200 ಮೀಟರ್ ಆಳದ ಈ ಜ್ವಾಲಾಮುಖಿ ಕುಳಿಯ ತಳಕ್ಕೆ ಇಂಗಾಲದ ಡೈ ಆಕ್ಸೈಡ್ ಒಸರಿ, ಮೇಲಿನ ನೀರಿನ ಭಾರಕ್ಕೆ ಕರಗಿಯೇ ಉಳಿದಿತ್ತು. ಹೇಗೋ ಒಮ್ಮೆ ತಳದ ನೀರು ಮೇಲೆದ್ದರೆ ಸೋಡಾ ಬಾಟಲಿ ತೆರೆದ ಹಾಗೆ. ಗಾಳಿಗಿಂತ ಒಂದೂವರೆ ಪಟ್ಟು ಭಾರದ ಅನಿಲ ಕಣಿವೆಗಳಗುಂಟ ಹರಿದು ಮಲಗಿದ್ದವರ ಉಸಿರು ಕಟ್ಟಿಸಿತು. 1984ರಲ್ಲಿ ಅದೇ ದೇಶದ ಮೊನೂನ್ ಸರೋವರದ ಬಳಿ 37 ಜನ ಸತ್ತಾಗಲೇ ವಿಜ್ಞಾನಿಗಳಿಗೆ ಸರೋವರದ ಮೇಲೆ ಅನುಮಾನ ಬಂದಿತ್ತು. 2001ರಲ್ಲಿ ನ್ಯೋಸ್‌ನ ತಳದವರೆಗೆ ಕೊಳವೆ ಇಳಿಬಿಟ್ಟರು. ಶುರುವಿಗೆ ಒಮ್ಮೆ ಪಂಪ್ ಮಾಡಿದರೆ ಸಾಕು, ಆಮೇಲೆ ಅನಿಲವೇ ನೀರನ್ನು ಕಾರಂಜಿಯಾಗಿ ಎತ್ತಿ ಹಾಕುತ್ತದೆ.

ಸಾಹಿತ್ಯದ ನೊಬೆಲ್ ನೈಜೀರಿಯಾದ ವೋಲೆ ಸೋಯಿಂಕಾಗೆ ಬಂತು, ಆಫ್ರಿಕಾಕ್ಕೆ ಅದು ಮೊದಲನೆಯದು. ಲೇಖಕರಾದ ಬೋರ್ಹೆಸ್, ಸಿಮೋನ್ ದ ಬೋವ್ವಾ ತೀರಿಕೊಂಡದ್ದೂ ಆ ವರ್ಷವೇ.

ಡಿಸೆಂಬರ್ 14ರಂದು ಡಿಕ್ ರುಟಾನ್, ಜೀನಾ ಯೇಗರ್ ವಾಯೇಜರ್ ವಿಮಾನದಲ್ಲಿ ಹೊರಟರು: ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಭೂಮಿ ಸುತ್ತಲು. ಖಾಲಿ ವಿಮಾನದ ತೂಕ ಒಂದು ಟನ್, ಇಂಧನ ಮೂರು ಟನ್ನಿಗೂ ಮಿಕ್ಕಿ. ಆ ಭಾರಕ್ಕೆ ಬಗ್ಗಿದ ರೆಕ್ಕೆಯ ತುದಿಗಳು ರನ್‌ವೇ ಮೇಲೆ ಉಜ್ಜಿ ಸವೆದವು, ತುದಿಯ ಪುಟ್ಟ ರೆಕ್ಕೆಗಳು ಸ್ವಲ್ಪ ಹೊತ್ತಿನಲ್ಲೇ ಕಿತ್ತುಹೋದವು. ವಿನ್ಯಾಸಕಾರ ಬರ್ಟ್ ರುಟಾನ್ ಇನ್ನೊಂದು ವಿಮಾನದಲ್ಲಿ ಪಕ್ಕದಲ್ಲೇ ಹಾರುತ್ತಾ ಹಾನಿ ನೋಡಿದರು, ಮುಂದುವರಿಯುವುದೆಂದು ತೀರ್ಮಾನವಾಯಿತು. ಒಂಬತ್ತು ದಿನ ಮೂರು ನಿಮಿಷದ ಮೇಲೆ ಅವರು ಹೊರಟಲ್ಲೇ ಇಳಿದಾಗ ಟ್ಯಾಂಕಿನಲ್ಲಿ ಉಳಿದಿದ್ದದ್ದು 50 ಕಿಲೋಗಿಂತ ಕಡಿಮೆ ಇಂಧನ.