ಬೆಳಿಗ್ಗೆ ದೋಸೆ, ಸಂಜೆ ಮಂಡಕ್ಕಿ

ಅತ್ತೆ ಮನೆಯ ಗೃಹಪ್ರವೇಶ ಇದ್ದದ್ದು ಹನ್ನೊಂದು ಗಂಟೆಗೆ. ಅಪ್ಪ ಮಾತ್ರ ಹಿಂದಿನ ರಾತ್ರಿಯ ರೈಲೇ ಹಿಡಿಯಬೇಕು ಅಂತ ಹಟ ಮಾಡಿದರು. ಬೆಳಗಿನ ಜಾವ ದಾವಣಗೆರೆಯಲ್ಲಿ ಇಳಿದಾಗ ಬೀದಿ ದೀಪ ಇನ್ನೂ ಆರಿರಲಿಲ್ಲ. ಬ್ಯಾಗು ನನ್ನ ಕೈಗೆ ಕೊಟ್ಟು ಅವರು ಮುಂದೆ ಮುಂದೆ ನಡೆದರು. ಎಪ್ಪತ್ತೆರಡು ವರ್ಷ ಅವರಿಗೆ. ಬೆಂಗಳೂರಿನಲ್ಲಿ ಹಾಲು ತರಲು ಹೋಗಿ ಬಂದರೂ ಮಂಡಿ ಹಿಡಿದುಕೊಂಡು ಕೂರುತ್ತಾರೆ.

ಹೊರಡುವಾಗ ಅಮ್ಮ ಒಂದೇ ಮಾತು ಹೇಳಿದ್ದಳು. ‘ಬರುವಾಗ ಮಂಡಕ್ಕಿ ತಗೊಂಡು ಬನ್ನಿ. ಪ್ಯಾಕೆಟ್ಟಿಂದು ಬೇಡ, ಭಟ್ಟಿಯದ್ದೇ ಬೇಕು.’

ಅಪ್ಪ ಈ ಊರಿನ ಹತ್ತಿ ಗಿರಣಿಯೊಂದರಲ್ಲಿ ಹದಿನೆಂಟು ವರ್ಷ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಪ್ಪನದೂ ಮುಚ್ಚಿತು. ಬರಬೇಕಾದ ದುಡ್ಡು ಪೂರ್ತಿ ಬರಲಿಲ್ಲ, ನಾವು ಬೆಂಗಳೂರು ಸೇರಿದೆವು. ಅದರ ಬಗ್ಗೆ ಅಪ್ಪ ಜಾಸ್ತಿ ಮಾತಾಡುವುದಿಲ್ಲ. ರಾತ್ರಿ ಪಾಳಿ ಮುಗಿಸಿ ತಿನ್ನುತ್ತಿದ್ದ ಖಾಲಿ ದೋಸೆಯ ಬಗ್ಗೆ ಮಾತ್ರ ಎಷ್ಟು ಸಲ ಬೇಕಾದರೂ ಹೇಳುತ್ತಾರೆ.

ಆ ಹೋಟೆಲ್ ಹುಡುಕಿಕೊಂಡೇ ಹೋದೆವು. ಅದು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ, ಶಟರ್ ಇಳಿದಿತ್ತು. ಅಪ್ಪ ಶಟರ್ ಮುಂದೆಯೇ ಸ್ವಲ್ಪ ಹೊತ್ತು ನಿಂತರು. ಪಕ್ಕದಲ್ಲಿ ಪೇಪರ್ ಜೋಡಿಸುತ್ತಿದ್ದವರು ತಲೆ ಎತ್ತಿ ನೋಡಿದರು.

‘ದೋಸೆಗೆ ಬಂದ್ರಾ ಯಜಮಾನ್ರೇ? ಅವರು ಬಿಟ್ಟು ಬಾಳ ವರ್ಷ ಆತು. ಮುಂದಿನ ತಿರುವಿನಾಗೆ ಒಂದು ಐತೆ, ಹೋಗ್ರಿ. ಅಲ್ಲೂ ಸೌದೆ ಒಲೇನೇ.’

ಸೌದೆ ಒಲೆ ಅಂದದ್ದೇ ಅಪ್ಪನ ಮುಖ ಅರಳಿತು.

ಸಣ್ಣ ಹೋಟೆಲ್, ನಾಲ್ಕೇ ಟೇಬಲ್. ನಾವು ಕೂರದೆ ಒಲೆಯ ಹತ್ತಿರವೇ ನಿಂತೆವು. ದಪ್ಪ ಕಬ್ಬಿಣದ ಕಾವಲಿ, ಕೆಳಗೆ ಸೌದೆ. ಭಟ್ಟರು ನೀರು ಚಿಮುಕಿಸಿ, ಪೊರಕೆಯಲ್ಲಿ ಒಂದು ಸಲ ಗುಡಿಸಿ, ಸಾಲಾಗಿ ಹಿಟ್ಟು ಹುಯ್ದರು. ಮಸಾಲೆ ದೋಸೆಯ ಹಾಗೆ ತೆಳ್ಳಗೆ ಎಳೆಯಲಿಲ್ಲ. ಸ್ವಲ್ಪ ದಪ್ಪಕ್ಕೇ ಬಿಟ್ಟರು. ನೋಡುತ್ತಿದ್ದ ಹಾಗೆ ಮೇಲೆಲ್ಲ ಕಣ್ಣು ಬಿಟ್ಟುಕೊಂಡಿತು. ಆಮೇಲೆ ಬೆಣ್ಣೆ. ಹಳದಿಯದ್ದಲ್ಲ, ಬಿಳಿ ಬೆಣ್ಣೆ. ಅದು ಕರಗಿ ಆ ಕಣ್ಣುಗಳೊಳಗೆ ಇಳಿಯುವಾಗ ಚುರ್ ಅನ್ನುವ ಸದ್ದು, ಹೊಗೆಯ ಜೊತೆ ಸೇರಿದ ಒಂದು ವಾಸನೆ. ತಳ ಕೆಂಪಗಾದ ಮೇಲೆ ಮಡಚಿ, ಮೇಲೊಂದು ಉಂಡೆ ಬೆಣ್ಣೆ ಇಟ್ಟು ಕೊಟ್ಟರು. ಪಕ್ಕದಲ್ಲಿ ಚೂರು ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಸಾಂಬಾರು ಇಲ್ಲ. ಕೇಳುವುದೂ ಇಲ್ಲ.

ಪಲ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಅರಿಶಿನ ಇಲ್ಲ, ಬೆಳ್ಳಗಿರುತ್ತದೆ, ಖಾರವೂ ಇಲ್ಲ. ಮೊದಲ ಸಲ ತಿನ್ನುವವರಿಗೆ ಸಪ್ಪೆ ಅನ್ನಿಸಬಹುದು. ಆದರೆ ಖಾರ ಖಾರ ಚಟ್ನಿ, ಜಿಡ್ಡು ಬೆಣ್ಣೆ, ಗರಿ ಅನ್ನುವ ತಳ, ಇವೆಲ್ಲದರ ನಡುವೆ ಅದು ಇರಬೇಕಾದದ್ದೇ ಹಾಗೆ. ಬೆಂಗಳೂರಿನಲ್ಲಿ ಬೀದಿಗೊಂದು ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡು ನೋಡುತ್ತೇವಲ್ವಾ? ನಾನು ತಿಂದ ಕಡೆಯೆಲ್ಲ ಬೆಣ್ಣೆಗೆ ಕೊರತೆ ಇರಲಿಲ್ಲ. ಬರೀ ಬೆಣ್ಣೆ ಸುರಿದರೆ ದಾವಣಗೆರೆ ದೋಸೆ ಆಗುವುದಿಲ್ಲ, ಅಷ್ಟೇ.

ಅಪ್ಪ ತಮಗೆ ಖಾಲಿ ದೋಸೆಯನ್ನೇ ಹೇಳಿದರು. ಅದು ಬೆಣ್ಣೆ ದೋಸೆಗಿಂತ ಮೆತ್ತಗೆ, ಗರಿ ಕಡಿಮೆ. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. ನಾನು ಏನೂ ಕೇಳಲಿಲ್ಲ.

ಈ ದೋಸೆ ಹುಟ್ಟಿದ ಕತೆಯನ್ನು ಊರವರೆಲ್ಲ ಹೇಳುತ್ತಾರೆ. 1928ರಲ್ಲಿ ಚೆನ್ನಮ್ಮ ಎಂಬುವರು ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದು, ಇಲ್ಲಿನ ನಾಟಕದ ಥಿಯೇಟರ್ ಹತ್ತಿರ ರಾಗಿ ದೋಸೆ ಮಾಡಿ ಮಾರಲು ಶುರು ಮಾಡಿದರಂತೆ. ಮುಂದೆ ಅವರ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ರುಬ್ಬಿ, ಬೆಣ್ಣೆ ಹಾಕಿ ಹುಯ್ದರು. ಮಂಡಕ್ಕಿ ಅನ್ನುವುದು ಇಲ್ಲಿ ಮುಖ್ಯ. ದೋಸೆಗೆ ಆ ಮೆದು ಬರುವುದೇ ಅದರಿಂದ ಅಂತ ಅಮ್ಮ ಹೇಳುತ್ತಾಳೆ.

ಗೃಹಪ್ರವೇಶ ಚೆನ್ನಾಗಿ ಆಯಿತು. ಊಟದಲ್ಲಿ ಹೋಳಿಗೆ ಇತ್ತು. ಅಪ್ಪ ಒಂದರಲ್ಲೇ ಎದ್ದರು. ‘ಹೊಟ್ಟೇಲಿ ಜಾಗ ಇಟ್ಕೊಳ್ಳವ್ವ, ಸಂಜೆ ಇನ್ನೂ ಐತೆ’ ಅಂತ ನನ್ನ ಕಿವಿಯಲ್ಲಿ ಹೇಳಿದರು.

ಮಧ್ಯಾಹ್ನ ಅತ್ತೆಯ ಮಗ ಕುಂದವಾಡ ಕೆರೆಗೆ ಕರೆದುಕೊಂಡು ಹೋದ. ಅಲ್ಲೇ ಹತ್ತಿರದ ಗಾಜಿನ ಮನೆಯನ್ನೂ ನೋಡಿದೆವು. ಅಪ್ಪನ ಮನಸ್ಸು ಇದ್ದದ್ದು ಮಾತ್ರ ನೀರಿನ ಮೇಲೆ. ಭದ್ರಾ ನಾಲೆಯ ನೀರು ಈ ಕೆರೆಗೆ ಬರುತ್ತದೆ, ಊರಿಗೆ ಕುಡಿಯಲು ಹೋಗುತ್ತದೆ. ಅದೇ ನಾಲೆಯ ನೀರಿನಲ್ಲಿ ಸುತ್ತಲ ಹಳ್ಳಿಗಳಲ್ಲಿ ಭತ್ತ ಬೆಳೆಯುತ್ತಾರೆ. ‘ಆ ಭತ್ತ ಇಲ್ದಿದ್ರೆ ಮಂಡಕ್ಕಿ ಎಲ್ಲಿಂದ ಬರ್ತಿತ್ತವ್ವ?’ ಅಂದರು. ಈ ಊರಲ್ಲೇ ಹುಟ್ಟಿ ಬೆಳೆದರೂ ನಾನು ಹಾಗೆ ಯೋಚಿಸಿರಲಿಲ್ಲ.

ನಾಲ್ಕು ಗಂಟೆಗೆ ಆಜಾದ್ ನಗರದ ಕಡೆ ಹೋದೆವು. ಭಟ್ಟಿಗಳಿರುವುದು ಅಲ್ಲಿ. ಭತ್ತ ನೆನೆಸಿ, ಹುರಿದು, ಗಿರಣಿಯಲ್ಲಿ ಹೊಟ್ಟು ಬಿಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕೊನೆಗೆ ಕಾದ ಮರಳಿನಲ್ಲಿ ಹುರಿದಾಗ ಮಂಡಕ್ಕಿ ಅರಳುತ್ತದೆ. ನಾವು ಹೋದ ಭಟ್ಟಿಯಲ್ಲಿ ಒಬ್ಬರು ಒಲೆ ಮುಂದೆ ನಿಂತಿದ್ದರು. ಬನಿಯನ್ ಪೂರ್ತಿ ಒದ್ದೆ. ಒಂದು ಹಿಡಿ ಅಕ್ಕಿ ಮರಳಿಗೆ ಬೀಳುವುದು, ಅವರ ಕೈ ಒಮ್ಮೆ ತಿರುಗುವುದು, ಪಟಪಟ ಅಂತ ಬಾಣಲೆ ತುಂಬಾ ಬೆಳ್ಳಗೆ ಉಬ್ಬುವುದು, ಜರಡಿಗೆ ಸುರಿಯುವುದು. ಮರಳು ಕೆಳಗೆ, ಮಂಡಕ್ಕಿ ಮೇಲೆ. ಮತ್ತೆ ಇನ್ನೊಂದು ಹಿಡಿ. ಬಾಗಿಲಲ್ಲಿ ನಿಂತ ನನಗೇ ಐದು ನಿಮಿಷದಲ್ಲಿ ಮುಖ ಉರಿಯಿತು.

ಎಷ್ಟು ಹೊತ್ತಿಗೆ ಏಳುತ್ತೀರಿ ಅಂತ ಕೇಳಿದೆ. ‘ರಾತ್ರಿ ಎರಡಕ್ಕೆ ಅಕ್ಕಾ’ ಅಂದರು. ಕೈ ನಿಲ್ಲಿಸಲಿಲ್ಲ. ಹಿಂದೆ ಈ ಭಟ್ಟಿಗಳಲ್ಲಿ ಹಳೆ ಟೈರ್ ಸುಡುತ್ತಿದ್ದರು. ಆ ಕಪ್ಪು ಹೊಗೆ ನನಗೆ ಚಿಕ್ಕವಳಿದ್ದಾಗಿನಿಂದ ನೆನಪಿದೆ. ಅದನ್ನು ವರ್ಷಗಟ್ಟಲೆ ಕುಡಿದವರು ಈ ಒಲೆ ಮುಂದೆ ನಿಂತವರು, ಅವರ ಮನೆಯವರು. ಊರಿಗೆಲ್ಲ ಸಂಜೆಯ ತಿಂಡಿ ಕೊಡುವ ಈ ಜನಕ್ಕೆ ಒಳ್ಳೆಯ ಒಲೆ, ಒಳ್ಳೆಯ ಗಾಳಿ ಸಿಗಬೇಕು. ದಾವಣಗೆರೆಯ ದೋಸೆ, ಮಂಡಕ್ಕಿ ಅಂತ ಹೆಮ್ಮೆಪಡುವ ನಾವೆಲ್ಲ ಇದನ್ನು ಗಟ್ಟಿಯಾಗಿ ಹೇಳಬೇಕು ಅಂತ ನನಗನ್ನಿಸುತ್ತದೆ.

ಅಮ್ಮನಿಗೆ ದೊಡ್ಡ ಚೀಲದ ತುಂಬಾ ಮಂಡಕ್ಕಿ ಅಳೆಸಿಕೊಂಡೆವು. ಇನ್ನೂ ಬಿಸಿ ಇತ್ತು. ಅಪ್ಪ ಒಂದು ಕಾಳು ಬಾಯಿಗೆ ಹಾಕಿ ಸಾಕು ಅನ್ನುವ ಹಾಗೆ ತಲೆ ಆಡಿಸಿದರು.

ಕತ್ತಲಾಗುವ ಹೊತ್ತಿಗೆ ರಾಂ ಅಂಡ್ ಕೋ ಸರ್ಕಲ್. ಕಾಲೇಜು ಹುಡುಗರು, ಮಕ್ಕಳ ಜೊತೆ ಬಂದವರು, ಅಂಗಡಿ ಮುಚ್ಚಿ ಬಂದವರು, ಎಲ್ಲರೂ ಗಾಡಿಗಳ ಮುಂದೆ. ಮಂಡಕ್ಕಿಗೆ ಎಣ್ಣೆ, ಖಾರ, ಪುಟಾಣಿ ಪುಡಿ, ಹಸಿ ಈರುಳ್ಳಿ ಹಾಕಿ ಕಲಸಿ ಪೇಪರಿನಲ್ಲಿ ಕೊಡುತ್ತಾರೆ, ಜೊತೆಗೆ ಬಿಸಿ ಮಿರ್ಚಿ. ಉದ್ದ ಮೆಣಸಿನಕಾಯಿ, ಮೇಲೆ ಕಡಲೆ ಹಿಟ್ಟಿನ ದಪ್ಪ ಹೊದಿಕೆ. ಒಂದು ಕಡಿತ ಮಿರ್ಚಿ, ಒಂದು ಹಿಡಿ ಮಂಡಕ್ಕಿ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಕೈ ನಿಲ್ಲುವುದಿಲ್ಲ.

ಪಕ್ಕದಲ್ಲಿ ತಿನ್ನುತ್ತಿದ್ದವರು ಅಪ್ಪನನ್ನೇ ನೋಡುತ್ತಿದ್ದರು. ‘ನೀವು ಗಿರಣ್ಯಾಗೆ ಇದ್ರಲ್ಲ? ಎರಡನೇ ಪಾಳಿ?’ ಅಂದರು. ಅಪ್ಪನಿಗೆ ಅವರ ಹೆಸರು ನೆನಪಾಗಲಿಲ್ಲ, ಅವರಿಗೂ ಅಪ್ಪನ ಹೆಸರು ಗೊತ್ತಿರಲಿಲ್ಲ. ಇಬ್ಬರೂ ಕೈ ಕೈ ಹಿಡಿದುಕೊಂಡು ನಿಂತರು. ಅಪ್ಪ ಇನ್ನೆರಡು ಮಿರ್ಚಿ ಹೇಳಿದರು, ದುಡ್ಡು ಅವರು ಕೊಟ್ಟರು. ನಾನು ಮಂಡಕ್ಕಿ ಚೀಲ ಹಿಡಿದುಕೊಂಡು ಪಕ್ಕಕ್ಕೆ ಸರಿದೆ. ಅರ್ಧ ಗಂಟೆ ಮಾತಾಡಿದರು.

ರಾತ್ರಿ ರೈಲಿನಲ್ಲಿ ಚೀಲವನ್ನು ಸೀಟಿನ ಕೆಳಗೆ ಇಡಲು ಹೋದೆ. ಅಪ್ಪ ಬಿಡಲಿಲ್ಲ. ‘ಪುಡಿ ಆಗುತ್ತೆ, ಕೊಡವ್ವ ಇಲ್ಲಿ’ ಅಂದರು. ಬರ್ತಿನಲ್ಲಿ ಗೋಡೆ ಕಡೆಗೆ ಚೀಲ ಇಟ್ಟುಕೊಂಡು, ತಾವು ಅಂಚಿಗೆ ಸರಿದು ಮಲಗಿದರು.